ಟಿಶ್ಯೂ ಡಬ್ಬಿ ಹಿಡಿದು ನಿಂತಿದ್ದವಳು

"ಸಂಜೆ 4.40. ಲೈಟ್ ಅರ್ಧಕ್ಕೆ. ಆರನೇ ಹಾಡು. ಟಿಶ್ಯೂ."

ವಾಲಂಟಿಯರ್‌ಗಳಿಗೆ ಕೊಟ್ಟ ಕಾಗದದಲ್ಲಿ ಹೀಗೊಂದು ಸಾಲಿತ್ತು. ಹಾಲ್‌ನ ಹಿಂದಿನ ಬಾಗಿಲ ಹತ್ತಿರ ಟಿಶ್ಯೂ ಡಬ್ಬಿ ಹಿಡಿದು ನಿಂತು ಅದನ್ನು ಮೂರು ಸಲ ಓದಿದೆ. ಯಾಕೆಂದರೆ ಹನ್ನೊಂದು ತಿಂಗಳ ಹಿಂದೆ ಇಂಥದ್ದೇ ಹಾಲ್‌ನಲ್ಲಿ, ಇದೇ ಹಾಡಿಗೆ, ಹೆಚ್ಚುಕಡಿಮೆ ಇದೇ ಹೊತ್ತಿಗೆ ನಾನು ಬಿಕ್ಕಿಬಿಕ್ಕಿ ಅತ್ತಿದ್ದೆ. ಎಷ್ಟೋ ವರ್ಷದಿಂದ ಒಳಗೆ ಕಟ್ಟಿಕೊಂಡಿದ್ದು ಅವತ್ತು ಒಡೆದುಹೋಯಿತು ಅಂತ ಮನೆಗೆ ವಾಪಸ್ ಬಂದ ರಾತ್ರಿ ಅಕ್ಕನಿಗೆ ಫೋನ್ ಮಾಡಿ ಅರ್ಧ ಗಂಟೆ ಹೇಳಿದ್ದೆ. ನೋಡಿದರೆ ನನ್ನ ಅಳುವಿಗೆ ಟೈಮ್ ಟೇಬಲ್ ಇತ್ತು.

ಅದರ ಕೆಳಗಿನ ಸಾಲುಗಳು ಇನ್ನೂ ಚೆನ್ನಾಗಿದ್ದವು. "5.15. ಲೈಟ್ ಪೂರ್ತಿ. ಕುಣಿತದ ಹಾಡು. 5.25. ಫಾರ್ಮ್, ಪೆನ್."

ಏಳು ವರ್ಷದಲ್ಲಿ ನಾನು ಇಂಥ ನಾಲ್ಕು ಸೆಮಿನಾರ್‌ಗೆ ಹೋಗಿದ್ದೇನೆ. ಬ್ಯಾನರ್ ಮೇಲೆ "ನಿಮ್ಮೊಳಗಿನ ಶಕ್ತಿಯನ್ನು ಎಬ್ಬಿಸಿ" ಅಂತ ಬರೆದಿರುತ್ತದಲ್ಲ, ಆ ಥರದ್ದು. ಎಲ್ಲ ಸೇರಿ ಒಂಬತ್ತು ದಿನ. ಮೊದಲನೆಯದಕ್ಕೆ ಆಫೀಸಿನವರೇ ಕಳಿಸಿದರು. ಉಳಿದದ್ದು ನನ್ನ ಸ್ವಂತ ಖರ್ಚು, ಸ್ವಂತ ಹುಚ್ಚು.

ಹುಚ್ಚಿಗೆ ಕಾರಣ ಇತ್ತು. ನಾನು ಲೆಕ್ಕಪತ್ರ ನೋಡುವವಳು. ಎಲ್ಲಿ ಅಂಕಿ ತಪ್ಪಿದೆ ಅನ್ನೋದು ನನಗೆ ಬೇಗ ಕಾಣುತ್ತದೆ. ಆದರೆ ಹನ್ನೆರಡು ಜನ ಕೂತ ಕೋಣೆಯಲ್ಲಿ "ಒಂದು ನಿಮಿಷ, ಇದು ಸರಿಯಿಲ್ಲ" ಅನ್ನಲು ಹೋದರೆ ಗಂಟಲು ಒಣಗಿ, ಕಿವಿ ಬಿಸಿಯಾಗಿ, ಹೇಳಬೇಕಾದ ಮಾತು ಬಾಯಿಗೇ ಬರುವುದಿಲ್ಲ. ಒಂದು ಸಲ ಒಂದೇ ಖರ್ಚು ಎರಡು ಕಡೆ ಸೇರಿಕೊಂಡಿತ್ತು. ಮೀಟಿಂಗ್‌ನಲ್ಲಿ ಪರದೆ ಮೇಲೆ ನೋಡಿದ ತಕ್ಷಣ ಗೊತ್ತಾಯಿತು. ಸುಮ್ಮನೆ ಕೂತೆ. ಮೂರು ವಾರ ಆದ ಮೇಲೆ ಬೇರೆ ಯಾರೋ ಅದನ್ನು ಹಿಡಿದರು. "ನಿಮ್ಮ ಕಣ್ಣಿಗೆ ಬೀಳಲಿಲ್ವಾ?" ಅಂತ ಮ್ಯಾನೇಜರ್ ಕೇಳಿದರು. "ಇಲ್ಲ ಸರ್" ಅಂದೆ. ತಪ್ಪು ಹೇಳಲಿಲ್ಲ ಅನ್ನೋದಕ್ಕಿಂತ ಆ "ಇಲ್ಲ ಸರ್" ನನ್ನನ್ನು ಜಾಸ್ತಿ ದಿನ ಕಾಡಿತು. ಅವರೇ ಪಾಪ, ಸ್ವಲ್ಪ ದಿನಕ್ಕೆ ನನ್ನ ಹೆಸರನ್ನು ಎರಡು ದಿನದ ವರ್ಕ್‌ಶಾಪ್‌ಗೆ ಬರೆಸಿದರು.

ಆ ಮೊದಲನೆಯದು ನನಗೆ ತುಂಬ ಇಷ್ಟವಾಗಿತ್ತು, ಸುಳ್ಳು ಹೇಳುವುದಿಲ್ಲ. ನಲವತ್ತು ಪ್ರಶ್ನೆ ಕೊಟ್ಟು, ಉತ್ತರ ನೋಡಿ, ನಮ್ಮನ್ನು ನಾಲ್ಕು ಬಣ್ಣಗಳಾಗಿ ಹಂಚಿದರು. ನಾನು ನೀಲಿ. ನೀಲಿಯವರ ಹಾಳೆಯಲ್ಲಿ ಹೊರಗೆ ಗಟ್ಟಿ, ಒಳಗೆ ಅಂಜಿಕೆ, ಇರುವ ಶಕ್ತಿಯನ್ನು ಪೂರ್ತಿ ಬಳಸಿಕೊಂಡಿಲ್ಲ ಅಂತೆಲ್ಲ ಇತ್ತು. ಅಯ್ಯೋ ಇದು ನಾನೇ ಅಂತ ಮೈ ಜುಂ ಅಂದಿತು. ಮಧ್ಯಾಹ್ನದ ಬಿಡುವಿನಲ್ಲಿ ಪಕ್ಕದವರ ಕೆಂಪು ಹಾಳೆ ಇಸಿದುಕೊಂಡು ಓದಿದೆ. ಅದೂ ನಾನೇ! ಅವರಿಗೆ ನನ್ನ ನೀಲಿ ಹಾಳೆ ಕೊಟ್ಟೆ. ಅವರೂ ತಲೆಯಾಡಿಸಿದರು. ಇಬ್ಬರೂ ನಕ್ಕು ಹಾಳೆ ವಾಪಸ್ ಮಾಡಿಕೊಂಡೆವು. ಅನುಮಾನ ಪಡಬೇಕಿದ್ದ ಕ್ಷಣ ಅದು. ನಾವು ಅದನ್ನು ತಮಾಷೆ ಅಂದುಕೊಂಡು ಬಿಟ್ಟೆವು.

ಅದಕ್ಕೊಂದು ಹಳೆಯ ಕಥೆ ಇದೆ ಅಂತ ಗೊತ್ತಾಗಿದ್ದು ತುಂಬ ತಡವಾಗಿ. ಬರ್ಟ್ರಮ್ ಫೋರರ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟ. ಆಮೇಲೆ ಒಬ್ಬೊಬ್ಬರಿಗೂ "ಇದು ನಿಮ್ಮ ಫಲಿತಾಂಶ" ಅಂತ ಒಂದು ಹಾಳೆ ಕೊಟ್ಟು, ಎಷ್ಟು ಹೊಂದುತ್ತದೆ ಅಂತ ಐದಕ್ಕೆ ಅಂಕ ಕೊಡಿ ಅಂದ. ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಹಾಳೆ. ಅದರ ವಾಕ್ಯಗಳನ್ನು ಅವನು ಹೆಚ್ಚಾಗಿ ಎತ್ತಿಕೊಂಡಿದ್ದು ಪೇಪರ್ ಅಂಗಡಿಯಲ್ಲಿ ಸಿಗುವ ಒಂದು ಜ್ಯೋತಿಷ್ಯದ ಪುಸ್ತಕದಿಂದ. ನನ್ನ ನೀಲಿ ಹಾಳೆಗೆ ಲ್ಯಾಮಿನೇಶನ್ ಬೇರೆ ಮಾಡಿಸಿದ್ದೆ.

ಅದೇ ವರ್ಕ್‌ಶಾಪ್‌ನಲ್ಲಿ ಟ್ರೈನರ್ ಬೋರ್ಡ್ ಮೇಲೆ ಮೂರು ಅಂಕಿ ಬರೆದರು. 7, 38, 55. ನಾವು ಆಡುವ ಮಾತಿನಲ್ಲಿ ಪದಗಳ ಪಾಲು ಬರೀ 7 ಪರ್ಸೆಂಟ್, ದನಿಯದ್ದು 38, ಮುಖಭಾವ ಮೈಭಾಷೆಯದ್ದು 55. ಈ ಅಂಕಿಗಳ ಮೂಲ ಆಲ್ಬರ್ಟ್ ಮೆಹ್ರಾಬಿಯನ್ ಅನ್ನುವ ಮನಶ್ಶಾಸ್ತ್ರಜ್ಞ 1967ರಲ್ಲಿ ಪ್ರಕಟಿಸಿದ ಎರಡು ಸಣ್ಣ ಪ್ರಯೋಗ. ಬಿಡಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರಿಸಿ, ಹೇಳಿದವರಿಗೆ ಇಷ್ಟವೋ ಅಲ್ಲವೋ ಅಂತ ಊಹಿಸಲು ಹೇಳಿದ್ದರು. ಇದು ಭಾವನೆ, ಇಷ್ಟಾನಿಷ್ಟ ಹೇಳುವ ಸಂದರ್ಭಕ್ಕೆ ಮಾತ್ರ, ಎಲ್ಲ ಮಾತುಕತೆಗೂ ಅಲ್ಲ ಅಂತ ಆತನೇ ಹೇಳಿದ್ದಾನೆ. ಲೆಕ್ಕದವಳಾಗಿ ನನಗೆ ಅವತ್ತೇ ಹೊಳೆಯಬೇಕಿತ್ತು. ಪದಕ್ಕೆ 7 ಪರ್ಸೆಂಟ್ ಆದರೆ, ಎರಡು ದಿನ ಕೂತು ನೋಟ್ಸ್ ಬರೆದುಕೊಂಡಿದ್ದು ಯಾಕೆ?

ಎರಡನೆಯದಕ್ಕೆ ನಾನೇ ದುಡ್ಡು ಕಟ್ಟಿ ಹೋದೆ. ಅದು ಗುರಿ ಬರೆಯುವ ಸೆಮಿನಾರ್. ಯೇಲ್ ವಿಶ್ವವಿದ್ಯಾಲಯದ 1953ರ ವಿದ್ಯಾರ್ಥಿಗಳ ಕಥೆ ಅಲ್ಲಿ ಕೇಳಿದೆ. ಅವರಲ್ಲಿ 3 ಪರ್ಸೆಂಟ್ ಜನ ಮಾತ್ರ ಗುರಿಯನ್ನು ಬರೆದಿಟ್ಟಿದ್ದರಂತೆ, ಇಪ್ಪತ್ತು ವರ್ಷ ಆದ ಮೇಲೆ ನೋಡಿದರೆ ಉಳಿದ 97 ಪರ್ಸೆಂಟ್ ಜನರ ಒಟ್ಟು ಆಸ್ತಿಗಿಂತ ಆ 3 ಪರ್ಸೆಂಟ್ ಜನರ ಆಸ್ತಿ ಜಾಸ್ತಿ ಇತ್ತಂತೆ. ಇಂಥ ಅಧ್ಯಯನ ನಡೆದೇ ಇಲ್ಲ. 1990ರ ದಶಕದಲ್ಲೇ ಪತ್ರಕರ್ತರು ಬೆನ್ನು ಹತ್ತಿ ಹುಡುಕಿದರು, ಹುಟ್ಟಿದ ಜಾಗವೇ ಸಿಗಲಿಲ್ಲ. ಆದರೂ ಕಥೆ ಇನ್ನೂ ಓಡಾಡಿಕೊಂಡೇ ಇದೆ. ಹಾಲ್‌ನಲ್ಲಿ ಅದನ್ನು ಕೇಳಿದಾಗ ಪೆನ್ ತಾನಾಗಿ ಕೈಗೆ ಬಂತು. ಗುರಿ ಬರೆದೆ, ಸಹಿ ಹಾಕಿದೆ. "21 ದಿನ ಬಿಡದೆ ಮಾಡಿ, ಅಭ್ಯಾಸ ಆಗಿಬಿಡುತ್ತದೆ" ಅಂದರು.

ಪ್ರತಿದಿನ ಆಫೀಸಿನಲ್ಲಿ ಯಾರಾದರೂ ಒಬ್ಬರ ಜೊತೆ ನಾನೇ ಮೊದಲು ಮಾತು ಶುರು ಮಾಡಬೇಕು ಅನ್ನೋದು ನನ್ನ ಅಭ್ಯಾಸ. ಕ್ಯಾಲೆಂಡರ್‌ನಲ್ಲಿ ಗೀಟು ಹಾಕುತ್ತಾ ಹೋದೆ. 22ನೇ ದಿನ ಬೆಳಿಗ್ಗೆ ಎದ್ದೆ. ಏನೂ ಆಗಿರಲಿಲ್ಲ. ಅದೇ ಗಂಟಲು, ಅದೇ ಕಿವಿ. ತಪ್ಪು ನನ್ನದೇ ಅಂದುಕೊಂಡೆ. ಎಲ್ಲರಿಗೂ 21 ದಿನ ಸಾಕಾಗುತ್ತದೆ, ನನ್ನಲ್ಲೇ ಏನೋ ಕೆಟ್ಟಿದೆ ಅಂತ. ಈ 21ರ ಹಿಂದೆ ಇದ್ದವನು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಪ್ಲಾಸ್ಟಿಕ್ ಸರ್ಜನ್. ಆಪರೇಶನ್ ಆದವರಿಗೆ ಹೊಸ ಮುಖ ತಮ್ಮದೇ ಅನ್ನಿಸಲು ಕಡೇಪಕ್ಷ 21 ದಿನ ಬೇಕಾಗುತ್ತದೆ ಅಂತ ಅವನು 1960ರಲ್ಲಿ ಬರೆದಿದ್ದ. "ಕಡೇಪಕ್ಷ" ದಾರಿಯಲ್ಲಿ ಎಲ್ಲೋ ಉದುರಿಹೋಯಿತು. ಮುಖದ ವಿಷಯ ಅಭ್ಯಾಸದ ವಿಷಯವೂ ಆಯಿತು. 2009ರಲ್ಲಿ ಲಂಡನ್ನಿನ ಸಂಶೋಧಕರು 96 ಜನರನ್ನು ಹನ್ನೆರಡು ವಾರ ಗಮನಿಸಿ ಹೇಳಿದ್ದು ಬೇರೆಯೇ. ಒಂದು ಅಭ್ಯಾಸ ತಾನಾಗಿ ಬರಲು ಸರಾಸರಿ 66 ದಿನ, ಕೆಲವರಿಗೆ 18, ಕೆಲವರಿಗೆ ಲೆಕ್ಕದ ಪ್ರಕಾರ 254. ನಾನು 22ನೇ ದಿನಕ್ಕೆ ಕ್ಯಾಲೆಂಡರ್ ಹಾಳೆ ಹರಿದು ಹಾಕಿದ್ದೆ.

ಮೂರನೆಯದು ಮೂರು ದಿನದ ಶಿಬಿರ. ಅಲ್ಲೇ ವಾಸ. ಒಳಗೆ ಹೋಗುವಾಗ ಫೋನ್ ತೆಗೆದುಕೊಂಡರು. ಗಡಿಯಾರಗಳನ್ನೂ. ಮಧ್ಯದಲ್ಲಿ ಎದ್ದು ಹೋದರೆ "ನಿಮ್ಮ ಮನಸ್ಸು ತಪ್ಪಿಸಿಕೊಳ್ಳಲು ನೋಡುತ್ತಿದೆ" ಅನ್ನುತ್ತಿದ್ದರು. ಬಾತ್‌ರೂಮಿಗೆ ಹೋಗುವುದಕ್ಕೂ ಅದೇ ಮಾತು. ಈ ಪದ್ಧತಿಗೆ ವಯಸ್ಸಾಗಿದೆ. ವರ್ನರ್ ಎರ್ಹಾರ್ಡ್ 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರು ಮಾಡಿದ ತರಬೇತಿ ಎರಡು ವಾರಾಂತ್ಯಗಳಲ್ಲಿ 60 ಗಂಟೆ ನಡೆಯುತ್ತಿತ್ತು, ಹೊರಗೆ ಹೋಗಿ ಬರುವುದಕ್ಕೆ ಅಲ್ಲೂ ಕಟ್ಟುನಿಟ್ಟು ಇತ್ತು. ಆಮೇಲೆ ಬಂದ ಎಷ್ಟೋ ಶಿಬಿರಗಳು ಆ ಅಚ್ಚಿನಲ್ಲೇ ತೆಗೆದಂತಿವೆ. ಎದ್ದು ಹೋಗುವವನು ಹೇಡಿ ಅಂತ ಹಾಲ್‌ನಲ್ಲಿ ಒಮ್ಮೆ ಹೇಳಿಬಿಟ್ಟರೆ ಬಾಗಿಲಿಗೆ ಚಿಲಕ ಬೇಕಾಗುವುದಿಲ್ಲ. 2009ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೆಡೋನಾದಲ್ಲಿ ಬಿಸಿ ಹಬೆ ತುಂಬಿದ ಗುಡಾರದೊಳಗೆ ಇಂಥದ್ದೇ ಮಾತು ಕೇಳುತ್ತಾ ಕೂತಿದ್ದವರಲ್ಲಿ ಮೂವರು ಸತ್ತರು. ನಡೆಸಿದವನಿಗೆ ಎರಡು ವರ್ಷ ಜೈಲಾಯಿತು. ನಮ್ಮಲ್ಲಿ ಅಷ್ಟೆಲ್ಲ ಇರಲಿಲ್ಲ. ಒಂದಿಬ್ಬರಿಗೆ ತಲೆನೋವು ಬಂತು, ಅಷ್ಟೇ. ಆದರೆ ಆ ಸುದ್ದಿ ಓದಿದಾಗ ಅವರು ಯಾಕೆ ಎದ್ದು ಬರಲಿಲ್ಲ ಅಂತ ನನಗೆ ಆಶ್ಚರ್ಯ ಆಗಲಿಲ್ಲ.

ಎರಡನೇ ದಿನ ಸಂಜೆ ಅಳು. ಅದು ನಿಮಗೆ ಗೊತ್ತೇ ಇದೆ. ಕಣ್ಣು ಮುಚ್ಚಿಸಿ, ಚಿಕ್ಕಂದಿನ ಮನೆಯೊಳಗೆ ನಡೆಸಿಕೊಂಡು ಹೋಗಿ, ಅಪ್ಪ ಅಮ್ಮನಿಗೆ ಹೇಳದೆ ಉಳಿದ ಮಾತನ್ನು ಹೇಳಿ ಅಂದರು. ನೂರೈವತ್ತು ಜನ ಒಟ್ಟಿಗೆ ಅಳುವ ಕೋಣೆಯಲ್ಲಿ ಒಬ್ಬಳೇ ಒಣಗಣ್ಣಿನಲ್ಲಿ ಕೂತಿರುವುದು ನನ್ನ ಕೈಲಿ ಆಗುವ ಕೆಲಸವಲ್ಲ.

ಆ ರಾತ್ರಿಯೇ ಕೆಂಡ. ಹತ್ತು ಹೆಜ್ಜೆ ಉದ್ದ ಹಾಸಿದ್ದರು. ಎಲ್ಲರೂ ಕೂಗುತ್ತಿದ್ದರು, ಡ್ರಮ್ ಬಡಿಯುತ್ತಿತ್ತು. ನಡೆದೆ. ಕಾಲು ಸುಡಲಿಲ್ಲ. ಆ ಕಡೆ ಇಳಿದಾಗ ಗುರುತೇ ಇಲ್ಲದ ಒಬ್ಬ ಹೆಂಗಸು ನನ್ನನ್ನು ತಬ್ಬಿಕೊಂಡು ಕುಣಿದಳು. ಆ ಸಂತೋಷ ಸುಳ್ಳಲ್ಲ, ಈಗಲೂ ನೆನೆಸಿಕೊಂಡರೆ ಎದೆ ಹಗುರಾಗುತ್ತದೆ. ಆದರೆ ಕಾಲು ಸುಡದೆ ಇದ್ದಿದ್ದಕ್ಕೆ ನನ್ನ ಮನಸ್ಸಿನ ಬಲ ಕಾರಣ ಅಲ್ಲ. ಇದ್ದಿಲು ಬಿಸಿಯಾಗಿದ್ದರೂ ಶಾಖವನ್ನು ಬೇಗ ಸಾಗಿಸುವುದಿಲ್ಲ. ಮೇಲೆ ಬೂದಿ ಕೂತಿರುತ್ತದೆ. ಒಂದೊಂದು ಹೆಜ್ಜೆ ತಾಗುವುದು ಒಂದು ಸೆಕೆಂಡಿಗಿಂತ ಕಡಿಮೆ. ಅದೇ ಬಿಸಿಯ ಕಬ್ಬಿಣದ ಹಾಳೆ ಹಾಸಿದ್ದರೆ ಯಾವ ಆತ್ಮವಿಶ್ವಾಸವೂ ಪಾದ ಉಳಿಸುತ್ತಿರಲಿಲ್ಲ. ನಿಧಾನ ಮಾಡಿದರೆ ಇದ್ದಿಲೂ ಸುಡುತ್ತದೆ. 2016ರಲ್ಲಿ ಡಲ್ಲಾಸ್‌ನ ಒಂದು ದೊಡ್ಡ ಸೆಮಿನಾರ್‌ನಲ್ಲಿ ಮೂವತ್ತಕ್ಕೂ ಜಾಸ್ತಿ ಜನರ ಕಾಲು ಸುಟ್ಟಿತ್ತು. ಅವರಿಗೆಲ್ಲ ನಂಬಿಕೆ ಕಡಿಮೆ ಇತ್ತು ಅನ್ನೋಣವೇ?

ಸೋಮವಾರ ಆಫೀಸಿಗೆ ಹೋದೆ. ಎಲ್ಲರಿಗೂ ಗಟ್ಟಿಯಾಗಿ ಗುಡ್ ಮಾರ್ನಿಂಗ್ ಹೇಳಿದೆ. ಮಂಗಳವಾರವೂ ಹೇಳಿದೆ. ಬುಧವಾರ ಮೀಟಿಂಗ್. ಎರಡನೇ ಪುಟದ ಮೊತ್ತದಲ್ಲಿ ತಪ್ಪಿತ್ತು. ನಾಲ್ಕು ದಿನದ ಹಿಂದೆ ಕೆಂಡ ಹಾಯ್ದವಳು, ಎರಡನೇ ಪುಟ ತಪ್ಪು ಅನ್ನಲಾರದೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾ ಕೂತಿದ್ದೆ.

ಶಿಬಿರದವರಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಅಲ್ಲಿದ್ದವರು ತುಂಬ ಪ್ರೀತಿಯಿಂದ ಮಾತಾಡಿದರು. "ನೀವು ಇನ್ನೂ ಪೂರ್ತಿ ತೆರೆದುಕೊಂಡಿಲ್ಲ, ಮುಂದಿನ ಲೆವೆಲ್‌ನಲ್ಲಿ ಆಗುತ್ತೆ" ಅಂದರು. ಈ ಲೆಕ್ಕದ ಪುಸ್ತಕದಲ್ಲಿ ಜಮೆ ಎಲ್ಲ ಅವರ ಹೆಸರಿಗೆ, ಖರ್ಚೆಲ್ಲ ನಮ್ಮ ಹೆಸರಿಗೆ. ಮುಂದಿನ ಲೆವೆಲ್‌ಗೆ ದುಡ್ಡಿಲ್ಲ ಅಂದೆ. ಹಾಗಾದರೆ ಮುಂದಿನ ಬ್ಯಾಚ್‌ಗೆ ವಾಲಂಟಿಯರ್ ಆಗಿ ಬನ್ನಿ, ಸೇವೆ ಮಾಡುತ್ತಾ ಮಾಡುತ್ತಾ ನೀವೂ ಬೆಳೆಯುತ್ತೀರಿ ಅಂದರು. ಸಂಬಳ ಇಲ್ಲ, ಓಡಾಟದ ಖರ್ಚೂ ನಮ್ಮದೇ. ಒಪ್ಪಿಕೊಂಡೆ. ಖುಷಿಯಿಂದಲೇ ಒಪ್ಪಿಕೊಂಡೆ ಅನ್ನೋದು ಈಗ ಹೇಳಲು ನಾಚಿಕೆ. ಆರಾನ್ಸನ್ ಮತ್ತು ಮಿಲ್ಸ್ ಅನ್ನುವ ಇಬ್ಬರು 1959ರಲ್ಲಿ ಒಂದು ಪ್ರಯೋಗ ಮಾಡಿದ್ದರು. ಒಂದು ಗುಂಪಿಗೆ ಸೇರಲು ಮುಜುಗರದ ಪರೀಕ್ಷೆ ದಾಟಿ ಬಂದವರಿಗೆ, ಆ ಗುಂಪಿನ ಬೋರು ಹೊಡೆಸುವ ಮಾತುಕತೆಯೂ ಚೆನ್ನಾಗಿದೆ ಅನ್ನಿಸಿತು. ಸುಲಭವಾಗಿ ಒಳಗೆ ಬಂದವರಿಗೆ ಹಾಗೆ ಅನ್ನಿಸಲಿಲ್ಲ. ನಾನು ಕೆಂಡ ದಾಟಿ ಬಂದವಳು. ನನಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು.

ಹೀಗೆ ಆ ಕಾಗದ ನನ್ನ ಕೈಗೆ ಬಂತು. ಇದು ಎರಡು ದಿನದ ಬ್ಯಾಚ್, ಅಳು ಮೊದಲ ಸಂಜೆಗೆ, ಮಾರಾಟ ಎರಡೂ ಸಂಜೆಗೆ.

ಬೆಳಿಗ್ಗೆ ಜನ ಬರುವ ಮುಂಚೆ ನಮಗೇ ಒಂದು ಗಂಟೆ ತರಬೇತಿ. ಚಪ್ಪಾಳೆ ಶುರುವಾಗಬೇಕಾದ ಜಾಗ ಹೇಳಿಕೊಟ್ಟರು. ಶುರು ಮಾಡಬೇಕಾದವರು ನಾವೇ, ಹಾಲ್‌ನ ನಾಲ್ಕು ಮೂಲೆಯಲ್ಲಿ ನಿಂತು. "ಫೀಸು" ಅನ್ನಬಾರದು, "ಹೂಡಿಕೆ" ಅನ್ನಬೇಕು. ಫಾರ್ಮ್ ತುಂಬುವವರ ಎದುರು ನಿಲ್ಲಬಾರದು, ಪಕ್ಕದಲ್ಲಿ ಕೂರಬೇಕು. ಅವರ ಪೆನ್ ಹುಡುಕಲು ಬಿಡಬಾರದು, ನಮ್ಮ ಪೆನ್ ಮುಚ್ಚಳ ತೆಗೆದು ಕೈಗೆ ಕೊಡಬೇಕು. ಜನ ಹೇಳುವ ನೆಪಗಳಿಗೆ ಒಂದು ಪಟ್ಟಿ, ಪಕ್ಕದಲ್ಲೇ ಉತ್ತರ. "ದುಡ್ಡಿಲ್ಲ" ಅಂದರೆ ಏನು, "ಟೈಮ್ ಇಲ್ಲ" ಅಂದರೆ ಏನು. "ಮನೆಯಲ್ಲಿ ಕೇಳಿ ಹೇಳ್ತೀನಿ" ಅನ್ನೋದಕ್ಕೆ ಎದುರಿಗಿದ್ದ ಸಾಲು ಇದು: "ನಿಮ್ಮ ಜೀವನದ ನಿರ್ಧಾರಗಳನ್ನ ಯಾವಾಗ್ಲೂ ಬೇರೆಯವರೇ ಮಾಡ್ತಾರಾ?" ಹೇಳುವಾಗ ದನಿ ಮೆತ್ತಗಿರಬೇಕು ಅಂತ ಬ್ರಾಕೆಟ್‌ನಲ್ಲಿ ಬರೆದಿತ್ತು. 38 ಪರ್ಸೆಂಟ್!

4.40ಕ್ಕೆ ಲೈಟ್ ಇಳಿಯಿತು. ಆರನೇ ಹಾಡು. ಹಿಂದೆ ನಿಂತು ನೋಡಿದರೆ ಅಳು ಮುಂದಿನ ಸಾಲಿನಿಂದ ಶುರುವಾಗಿ ಹಿಂದಕ್ಕೆ ಬರುತ್ತದೆ, ಯಾರೋ ಬೆಡ್‌ಶೀಟ್ ಒದರಿದ ಹಾಗೆ. ನಾನು ಡಬ್ಬಿ ಹಿಡಿದು ಸಾಲುಗಳ ನಡುವೆ ಓಡಾಡಿದೆ. ಟಿಶ್ಯೂ ಕೊಡುವಾಗ ಭುಜ ಮುಟ್ಟಬೇಕು ಅಂತ ಹೇಳಿದ್ದರು. ಮುಟ್ಟಿದೆ. ಹನ್ನೊಂದು ತಿಂಗಳ ಹಿಂದೆ ನನ್ನ ಭುಜ ಯಾರೋ ಮುಟ್ಟಿದ್ದರು. ಆ ಸ್ಪರ್ಶದ ಬಗ್ಗೆ ನಾನು ನೋಟ್‌ಬುಕ್‌ನಲ್ಲಿ ಅರ್ಧ ಪುಟ ಬರೆದಿದ್ದೆ.

5.25ಕ್ಕೆ ಪರದೆ ಮೇಲೆ ಒಂದು ದೊಡ್ಡ ಮೊತ್ತ ಬಂತು. ಅದರ ಮೇಲೆ ಕೆಂಪು ಗೀಟು. ಅದಕ್ಕಿಂತ ಚಿಕ್ಕದು, ಅದರ ಮೇಲೂ ಗೀಟು. ಮೂರು ಸಲ ಹೀಗೆ ಇಳಿದು "ಇವತ್ತು ರಾತ್ರಿ ತನಕ ಮಾತ್ರ" ಅನ್ನುವ ಮೊತ್ತದಲ್ಲಿ ನಿಂತಿತು. ಜನ ಮೇಜುಗಳ ಕಡೆ ಎದ್ದರು.

ನನ್ನ ಮೇಜಿಗೆ ಬಂದವರು ಐವತ್ತು ದಾಟಿದ ಒಬ್ಬರು. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಅವರದೇ ಪೆನ್ನು. ಗೋದಾಮಿನಲ್ಲಿ ಸೂಪರ್‌ವೈಸರ್. ದಿನಾ ಬೆಳಿಗ್ಗೆ ಮೂವತ್ತು ಹುಡುಗರನ್ನು ನಿಲ್ಲಿಸಿ ಆ ದಿನದ ಕೆಲಸ ಹೇಳಬೇಕಂತೆ. ಹೊಸ ಮ್ಯಾನೇಜರ್ ಬಂದ ಮೇಲಿನ ನಿಯಮ. ಇವರು ಕಾಗದ ನೋಡಿ ಓದುತ್ತಾರೆ. ಕೈ ನಡುಗಿ ಕಾಗದ ಸದ್ದು ಮಾಡುತ್ತದೆ. ಆ ಸದ್ದನ್ನು ಹುಡುಗರು ಬೆನ್ನ ಹಿಂದೆ ಬಾಯಲ್ಲಿ ಮಾಡಿ ತೋರಿಸುತ್ತಾರೆ. ಇದನ್ನೆಲ್ಲ ನನಗೆ ಎರಡು ನಿಮಿಷದಲ್ಲಿ ಹೇಳಿದರು. ಅತ್ತು ಮುಗಿಸಿದ ಮೇಲೆ ಮನುಷ್ಯರು ಬೇಗ ಬೇಗ ಎಲ್ಲ ಹೇಳಿಬಿಡುತ್ತಾರೆ. ಅದಕ್ಕೇ 4.40ಕ್ಕೂ 5.25ಕ್ಕೂ ನಡುವೆ ಅಷ್ಟೇ ಬಿಡುವು.

ಮುಂದಿನ ಕೋರ್ಸಿನ ಮೊತ್ತ ಅವರಿಗೆ ಹೆಚ್ಚುಕಡಿಮೆ ಎರಡು ತಿಂಗಳ ಸಂಬಳ. "ಮನೆಯವಳನ್ನ ಒಂದು ಮಾತು ಕೇಳ್ತೀನಿ ಮೇಡಂ" ಅಂದರು.

ನಾನು ಪಕ್ಕದಲ್ಲೇ ಕೂತಿದ್ದೆ. ಮೆತ್ತಗೆ ಹೇಳಿದೆ. "ಸರ್, ನಿಮ್ಮ ಜೀವನದ ನಿರ್ಧಾರಗಳನ್ನ ಯಾವಾಗ್ಲೂ ಬೇರೆಯವರೇ ಮಾಡ್ತಾರಾ?"

ಅವರು ನನ್ನ ಮುಖ ನೋಡಿದರು. ಆಮೇಲೆ ತಮ್ಮ ಪೆನ್ನು ತೆಗೆದು ಸಹಿ ಹಾಕಿದರು. ಅಡ್ವಾನ್ಸ್ ಅಲ್ಲೇ ಕಟ್ಟಿದರು. ಬ್ಯಾಲೆನ್ಸ್ ಹತ್ತು ದಿನದಲ್ಲಿ.

ಗಂಟಲು ಒಣಗಲಿಲ್ಲ. ಕಿವಿ ಬಿಸಿಯಾಗಲಿಲ್ಲ. ಏಳು ವರ್ಷ ಹುಡುಕಿದ ದನಿ ಅವತ್ತು ಸಲೀಸಾಗಿ ಬಂತು. ಒಬ್ಬ ಅಪರಿಚಿತರನ್ನು ಅವರ ಹೆಂಡತಿಗೆ ಫೋನ್ ಮಾಡದಂತೆ ತಡೆಯಲು. ಆ ರಾತ್ರಿ ನನಗೆ ಬೇಸರ ಆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಟ್ರೈನರ್ ಬೆನ್ನು ತಟ್ಟಿದ್ದರು. ಬಸ್ಸಿನಲ್ಲಿ ಕೂತು ಆ ಕ್ಷಣವನ್ನು ಮತ್ತೆ ಮತ್ತೆ ನೆನೆಸಿಕೊಂಡೆ. ಎಷ್ಟು ಚೆನ್ನಾಗಿ ಮಾತಾಡಿದೆ ನಾನು!

ಬೇಸರ ಶುರುವಾಗಿದ್ದು ಒಂದು ವಾರ ಬಿಟ್ಟು. ವಾಲಂಟಿಯರ್‌ಗಳಿಗೆ ಐದೈದು ಹೆಸರು ಹಂಚಿ, ಬ್ಯಾಲೆನ್ಸ್ ನೆನಪಿಸಲು ಫೋನ್ ಮಾಡಿ ಅಂದರು. ನನ್ನ ಪಟ್ಟಿಯಲ್ಲಿ ಮೂರನೆಯವರು ಅವರು. ಫೋನ್ ಎತ್ತಿ ಕುಶಲ ವಿಚಾರಿಸಿದರು. ಆಮೇಲೆ ತುಂಬ ಸಹಜವಾಗಿ ಕೇಳಿದರು. "ಮೇಡಂ, ನೀವೂ ಮಾತಾಡೋಕೆ ಕಷ್ಟ ಅಂತಾನೇ ಬಂದವರು ಅಂದ್ರಿ. ನಿಮಗೆ ಇದರಿಂದ ಏನಾಯ್ತು? ನಿಜ ಹೇಳಿ."

ಪಟ್ಟಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ನಾಳೆ ಮಾಡ್ತೀನಿ ಸರ್ ಅಂತ ಇಟ್ಟುಬಿಟ್ಟೆ.

ಮನೆಗೆ ಹೋಗಿ ಕಪಾಟಿನಿಂದ ನಾಲ್ಕೂ ನೋಟ್‌ಬುಕ್ ತೆಗೆದೆ. ಅವರಿಗೆ ಹೇಳಲು ಏನಾದರೂ ಸಿಗುತ್ತದೇನೋ ಅಂತ ನಿಜವಾಗಿ ಹುಡುಕಿದೆ. ನಾಲ್ಕರಲ್ಲೂ "ನನ್ನ ಗುರಿ" ಅಂತ ಒಂದು ಪುಟ ಇದೆ. ಮೊದಲನೆಯದರಲ್ಲಿ "ಮೀಟಿಂಗ್‌ನಲ್ಲಿ ತಪ್ಪು ಕಂಡರೆ ಹೇಳುತ್ತೇನೆ" ಅಂತ ಬರೆದಿದ್ದೆ. ಎರಡನೆಯದರಲ್ಲಿ ಅದೇ ವಾಕ್ಯ, ಕೆಳಗೆ ಎರಡು ಗೀಟು. ಮೂರನೆಯದರಲ್ಲಿ ಅದೇ, ದೊಡ್ಡ ಅಕ್ಷರದಲ್ಲಿ. ನಾಲ್ಕನೆಯದು ವಾಲಂಟಿಯರ್ ಆಗಿದ್ದಾಗ ಬರೆದದ್ದು, ಅದೂ ಅದೇ ವಾಕ್ಯ. ನೋಡಿ ಬರೆದಿರಲಿಲ್ಲ. ಪ್ರತಿ ಸಲ ಮೊದಲ ಸಲ ಬರೆಯುತ್ತಿದ್ದೇನೆ ಅಂದುಕೊಂಡೇ ಬರೆದಿದ್ದೆ.

ಆಮೇಲೆ ಇನ್ನೊಂದು ಲೆಕ್ಕ ಹಾಕಿದೆ. ಒಂಬತ್ತು ದಿನದಲ್ಲಿ ಮೈಕ್ ನನ್ನ ಕೈಯಲ್ಲಿ ಇದ್ದದ್ದು ಎಷ್ಟು ಹೊತ್ತು? ಹೆಸರು ಹೇಳಿದ್ದು, ಒಂದು ಸಲ ಅನುಭವ ಹಂಚಿಕೊಂಡಿದ್ದು, ಎಲ್ಲ ಸೇರಿಸಿದರೂ ಮೂರು ನಿಮಿಷ ದಾಟಲಿಲ್ಲ. ಡೇಲ್ ಕಾರ್ನೆಗಿ 1912ರಲ್ಲಿ ನ್ಯೂಯಾರ್ಕಿನ ವೈಎಂಸಿಎ ಕಟ್ಟಡದಲ್ಲಿ ಭಾಷಣ ಕಲಿಸುವ ರಾತ್ರಿ ತರಗತಿ ಶುರು ಮಾಡಿದಾಗ, ಒಂದು ದಿನ ಹೇಳಬೇಕಿದ್ದ ಪಾಠವೆಲ್ಲ ಬೇಗ ಮುಗಿದುಹೋಯಿತಂತೆ. ಏನು ಮಾಡುವುದು ತೋಚದೆ ನಿಮಗೆ ಸಿಟ್ಟು ಬರಿಸಿದ ಯಾವುದಾದರೂ ವಿಷಯ ಹೇಳಿ ಅಂತ ಕೂತಿದ್ದವರನ್ನೇ ಎಬ್ಬಿಸಿ ಮಾತಾಡಿಸಿದನಂತೆ. ಹೆದರುತ್ತಿದ್ದವರು ಹೆದರಿಕೆ ಮರೆತು ಮಾತಾಡಿದರು. ಪಾಠ ಮುಗಿದದ್ದೇ ಒಳ್ಳೆಯದಾಯಿತು. ನನ್ನ ನಾಲ್ಕು ಕಡೆಯೂ ಪಾಠ ಮುಗಿಯಲೇ ಇಲ್ಲ.

ಮರುದಿನ ಫೋನ್ ಮಾಡಿದೆ. ಆಫೀಸಿನ ಮೆಟ್ಟಿಲ ಮೇಲೆ ನಿಂತು. ಗಂಟಲು ಒಣಗಿತ್ತು, ಕಿವಿ ಬಿಸಿಯಾಗಿತ್ತು, ಎಲ್ಲ ಹಳೆಯ ಹಾಗೆಯೇ. "ಸರ್, ನನಗೆ ಏನೂ ಆಗಿಲ್ಲ. ಈಗಲೂ ಮೀಟಿಂಗ್‌ನಲ್ಲಿ ಸುಮ್ನೆ ಕೂರ್ತೀನಿ. ಅವತ್ತು ಮನೆಯವರ ಬಗ್ಗೆ ನಾನು ಕೇಳಿದ್ದು ನನ್ನ ಮಾತಲ್ಲ. ಬರೆದು ಕೊಟ್ಟಿದ್ದರು. ಅದನ್ನ ನಿಮಗೆ ಹೇಳಬಾರದಿತ್ತು. ಬ್ಯಾಲೆನ್ಸ್ ಕಟ್ಟಬೇಡಿ, ಅಡ್ವಾನ್ಸ್ ವಾಪಸ್ ಕೇಳೋಣ, ನಾನೂ ಬರ್ತೀನಿ." 4.40ರ ಕಾಗದದ ವಿಷಯವನ್ನೂ ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಬರೆದು ಕೊಟ್ಟಿದ್ದು ಅಂತ ಅವತ್ತೇ ಅನ್ನಿಸಿತ್ತು ಮೇಡಂ. ಪಕ್ಕದ ಮೇಜಿನಲ್ಲೂ ಅದನ್ನೇ ಹೇಳ್ತಿದ್ರು. ಆದರೂ ನನ್ನ ವಿಷಯದಲ್ಲಿ ಅದು ನಿಜ ಅಲ್ವಾ?"

ಅವರು ಬ್ಯಾಲೆನ್ಸ್ ಕಟ್ಟಿದರು. ಕೋರ್ಸಿಗೂ ಹೋದರು. ನಾನು ಬ್ಯಾಡ್ಜ್ ವಾಪಸ್ ಕೊಟ್ಟು ಬಂದೆ. ಪಟ್ಟಿಯ ಉಳಿದ ಇಬ್ಬರಿಗೆ ಫೋನ್ ಮಾಡಲಿಲ್ಲ. ಅದನ್ನು ಧೈರ್ಯ ಅನ್ನಬೇಕೋ, ತಪ್ಪಿಸಿಕೊಳ್ಳುವುದು ಅನ್ನಬೇಕೋ ಗೊತ್ತಿಲ್ಲ.

ನನ್ನ ಮೀಟಿಂಗ್ ವಿಷಯ ಕೇಳುತ್ತೀರಾದರೆ, ಸ್ವಲ್ಪ ಮಟ್ಟಿಗೆ ಪರವಾಗಿಲ್ಲ. ಏಳೆಂಟು ಜನ ವಾರಕ್ಕೊಮ್ಮೆ ಸೇರಿ ತಲಾ ಐದು ನಿಮಿಷ ಮಾತಾಡುತ್ತೇವೆ. ಹಾಡಿಲ್ಲ, ಚಪ್ಪಾಳೆಗೆ ಜಾಗ ಗುರುತು ಹಾಕಿಲ್ಲ. ಕೆಲವರ ಮಾತು ತುಂಬ ಬೋರು, ನನ್ನದೂ ಸೇರಿ. ಮೀಟಿಂಗ್‌ಗೆ ಹೋಗುವ ಮುಂಚೆ ಯಾವ ಪುಟ ಬಂದಾಗ ಬಾಯಿ ತೆರೆಯಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಹತ್ತರಲ್ಲಿ ನಾಲ್ಕು ಸಲ ತೆರೆಯುತ್ತೇನೆ. ಆರು ಸಲ ಮೀಟಿಂಗ್ ಮುಗಿದ ಮೇಲೆ ಇಮೇಲ್ ಬರೆಯುತ್ತೇನೆ. "ಇಲ್ಲ ಸರ್" ಮಾತ್ರ ಮತ್ತೆ ಹೇಳಿಲ್ಲ.

ಆರು ತಿಂಗಳ ಮೇಲೆ ಗೋದಾಮಿನವರ ಮೆಸೇಜ್ ಬಂತು. ಈಗ ಕಾಗದ ಇಲ್ಲದೆ ಮಾತಾಡ್ತೀನಿ ಅಂತ ಬರೆದಿದ್ದರು. ನಾನೇ ಫೋನ್ ಮಾಡಿದೆ. ಖುಷಿಯೂ ಆಗಿತ್ತು, ಸ್ವಲ್ಪ ಹೊಟ್ಟೆ ಉರಿಯೂ ಆಗಿತ್ತು. "ಕೋರ್ಸಿನಲ್ಲಿ ಏನು ಹೇಳಿಕೊಟ್ರು ಸರ್?" ಅಂದೆ.

ಅವರು ನಕ್ಕರು. "ಅಯ್ಯೋ, ಅದೇ ಹಾಡು, ಅದೇ ಅಳು. ಆದ್ರೆ ಅಷ್ಟು ದುಡ್ಡು ಸುರಿದ ಮೇಲೆ ಮತ್ತೆ ಕಾಗದ ನೋಡಿ ಓದಿದ್ರೆ ನಮ್ಮನೆಯವಳ ಮುಖ ಹೇಗೆ ನೋಡೋದು ಮೇಡಂ? ಮೊದಲ ದಿನ ಕಾಗದ ಮನೆಯಲ್ಲೇ ಬಿಟ್ಟು ಹೋದೆ. ಬೆವರಿ ತೊಪ್ಪೆಯಾದೆ. ಒಂದು ವಿಷಯ ಮರೆತೇಹೋಯ್ತು. ಒಬ್ಬ ಹುಡುಗ ನೆನಪಿಸಿದ."

ಇದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. "ಒಳ್ಳೇದಾಯ್ತು ಸರ್" ಅಂದೆ. ಮನೆಯವರಿಗೆ ನಮಸ್ಕಾರ ಹೇಳಿ ಅಂದೆ.

ಹೋದ ವಾರ ಶಿಬಿರದವರಿಂದಲೂ ಮೆಸೇಜ್ ಬಂದಿತ್ತು. ಮುಂದಿನ ಬ್ಯಾಚ್‌ಗೆ ವಾಲಂಟಿಯರ್‌ಗಳು ಬೇಕಂತೆ, ಮೇಜಿನ ಹತ್ತಿರ ಕೂರಲು. "ನೀವು ತುಂಬ ಚೆನ್ನಾಗಿ ಮಾತಾಡ್ತೀರಿ" ಅಂತ ಬರೆದಿದ್ದರು.